ಎರಡನೆಯ ಗೇರಿಗೆ ಮುನ್ನ

ತನ್ನ ಷಡ್ಡಕನ ಕಾರು ಸರ್ವೀಸಿಗೆ ಬಂದಾಗ ಅವನು ಬೇರೊಂದು ಗಾಡಿಯ ಅಡಿಯಲ್ಲಿ ಅಂಗಾತ ಮಲಗಿ ಗೇರ್‌ಬಾಕ್ಸಿನ ಬೋಲ್ಟು ಬಿಚ್ಚುತ್ತಿದ್ದ. ಗ್ಯಾರೇಜಿನ ಗೇಟಿನಿಂದ ಶೆಡ್ಡಿನವರೆಗೆ ಒಂದು ಏರು. ಯಾವ ಕಾರೇ ಆಗಲಿ, ಆ ಏರಿನಲ್ಲಿ ಮೊದಲನೆಯ ಗೇರಿನಿಂದ ಎರಡನೆಯದಕ್ಕೆ ದಾಟುವಾಗ ಒಂದು ಸಣ್ಣ ಉಸಿರು ಬಿಡುತ್ತದೆ; ಇಪ್ಪತ್ತಾರು ವರ್ಷದಿಂದ ಆ ಉಸಿರು ಕೇಳಿಯೇ ಅವನು ಇಂಥವನ ಗಾಡಿ, ಕ್ಲಚ್ಚು ಇಷ್ಟು ಸವೆದಿದೆ, ಓಡಿಸುವವನು ಇವತ್ತು ಹೆಂಡತಿಯ ಜೊತೆ ಜಗಳವಾಡಿಕೊಂಡು ಬಂದಿದ್ದಾನೆ ಎಂದು ಮಲಗಿದಲ್ಲಿಂದಲೇ ಹೇಳಿ ಜೊತೆಯವರನ್ನು ನಗಿಸುತ್ತಿದ್ದ. ಈ ಕಾರು ಉಸಿರನ್ನೇ ಬಿಡಲಿಲ್ಲ. ಎಲ್ಲಿ ಒಂದು ಮುಗಿಯಿತು, ಎಲ್ಲಿ ಎರಡು ಶುರುವಾಯಿತು ಎಂದು ತಿಳಿಯುವ ಮೊದಲೇ ಬಂದು ನಿಂತಿತು. ಯಾರದೆಂದು ಅವನಿಗೆ ತಕ್ಷಣ ಗೊತ್ತಾಯಿತು. ಪಾಲಿಶ್ ಮಾಡಿದ ಎರಡು ಬೂಟುಗಳು ಬಂದು ಅವನ ಕಾಲಿನ ಹತ್ತಿರ ನಿಂತವು. "ಭಾವ, ಎಲ್ಲಿದ್ದೀರಿ? ಕಾಲು ಮಾತ್ರ ಕಾಣ್ತಿದೆಯಲ್ಲ, ಮಿಕ್ಕಿದ್ದು ಇದೆ ತಾನೆ?" ಎಂದು ಷಡ್ಡಕ ತನ್ನ ತಮಾಷೆಗೆ ತಾನೇ ನಕ್ಕ. ಷಡ್ಡಕನದು ಕನ್ನಡಕದ ಅಂಗಡಿ. ಜಗತ್ತೆಲ್ಲ ತನ್ನ ಹತ್ತಿರ ಬಂದು ಅಕ್ಷರ ಓದಿ ಹೇಳಬೇಕು ಎಂಬಂಥ ಉಲ್ಲಾಸ ಅವನ ಮುಖದಲ್ಲಿ ಯಾವಾಗಲೂ ಇರುತ್ತಿತ್ತು. ನಾಲ್ಕು ಗಂಟೆಗೆ ತಾವು ಮೂವರೂ ಬರುತ್ತೇವೆಂದೂ, ಭಾವನನ್ನೂ ಕೂರಿಸಿಕೊಂಡೇ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆಯೆಂದೂ ಹೇಳಿ, ಕೀ ಕೊಟ್ಟು ಹೋದ. ಮೂವರು ಎಂದರೆ ಷಡ್ಡಕ, ನಾದಿನಿ ಮತ್ತು ತನ್ನ ಹೆಂಡತಿ. ಆ ಮೂವರೊಳಗೆ ತನ್ನ ಹೆಂಡತಿ ಯಾವಾಗ ಸೇರಿಕೊಂಡಳು ಎಂದು ಯೋಚಿಸುತ್ತ ಅವನು ಬಿಚ್ಚಿದ ಬೋಲ್ಟನ್ನೇ ಮತ್ತೆ ಬಿಗಿದ.

ಗ್ಯಾರೇಜಿನಲ್ಲಿ ಅವನಿಗೆ ಮೆತ್ತಗೆ ಮೇಷ್ಟ್ರು ಎಂದು ಹೆಸರು. ಗೇರ್ ಹಾಕುವವರ ಪಕ್ಕ ಕೂತು "ಮೆತ್ತಗೆ, ಮೆತ್ತಗೆ" ಅನ್ನುವುದು ಅವನ ಅಭ್ಯಾಸ. ರಿಪೇರಿಯಾದ ಪ್ರತಿ ಗಾಡಿಯನ್ನೂ ಹೊರಗೆ ಬಿಡುವ ಮೊದಲು ಅವನು ತನ್ನ ಸ್ಟೀಲ್ ಲೋಟಕ್ಕೆ ಕಂಠಮಟ್ಟ ನೀರು ತುಂಬಿ, ಸ್ಟಿಯರಿಂಗಿನ ಆಚೆಯ ಹಲಗೆಯ ಮೇಲಿಟ್ಟುಕೊಂಡು, ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದ. ಒಂದು ಹನಿ ಚೆಲ್ಲಿದರೂ ಗಾಡಿ ಮತ್ತೆ ಬಿಚ್ಚಬೇಕು. ಚೆಲ್ಲದಿದ್ದರೆ ಅವನು ಚೀಟಿಯಲ್ಲಿ "ಸರಿ ಇದೆ" ಎಂದು ಬರೆದು ಸಹಿ ಹಾಕುತ್ತಿದ್ದ. ಆ ಸಹಿಯ ಮೇಲೆ ಮಾಲೀಕನೂ ಮಾತಾಡುತ್ತಿರಲಿಲ್ಲ. ಗುಟ್ಟೇನೂ ದೊಡ್ಡದಲ್ಲ: ಕ್ಲಚ್ಚು ಒತ್ತಿ, ಗೇರನ್ನು ನಡುವೆ ತಂದು, ಅಲ್ಲಿ ಒಂದು ಕ್ಷಣ ಬಿಡಬೇಕು, ಎಂಜಿನ್ನಿನ ಸಿಟ್ಟು ಇಳಿಯಲಿ ಎಂದು. ಆಮೇಲೆ ಮುಂದಿನ ಗೇರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೀಳುತ್ತದೆ. ಆ ಕ್ಷಣದಲ್ಲೇ ತನ್ನ ಕಸುಬೆಲ್ಲ ಇದೆ, ತನ್ನ ಸ್ವಭಾವವೂ ಅಷ್ಟೇ, ಎಂದು ಅವನು ನಂಬಿದ್ದ. ಮನೆಯಲ್ಲಿ ಹೆಂಡತಿ ಏನಾದರೂ ಕೇಳಿದರೂ ತಟ್ಟನೆ ಉತ್ತರ ಕೊಡುವವನಲ್ಲ. ಅವಳು ಸೌಟು ಹಿಡಿದುಕೊಂಡು ನಿಂತಿರುತ್ತಿದ್ದಳು, ಇವನು ಹೂಂ ಅನ್ನುವವರೆಗೆ.

ಹೋದ ಭಾನುವಾರ ನಾಲ್ವರೂ ಷಡ್ಡಕನ ಆ ಹೊಸ, ತಾನೇ ಗೇರು ಬದಲಿಸಿಕೊಳ್ಳುವ ಕಾರಿನಲ್ಲಿ ಊರಾಚೆಯ ಕೆರೆಯವರೆಗೆ ಹೋಗಿದ್ದರು. ಹಿಂದೆ ಕೂತರೆ ಹೆಂಡತಿಗೆ ಹೊಟ್ಟೆ ತೊಳೆಸುತ್ತದೆ. ಹಾಗಾಗಿ ಅವಳು ಮುಂದೆ, ಷಡ್ಡಕನ ಪಕ್ಕ. ಅವನು ಹಿಂದೆ, ನಾದಿನಿಯ ಜೊತೆ. ಕಾಲಿಗೆ ಕ್ಲಚ್ಚಿಲ್ಲ, ಕೈಗೆ ಕೆಲಸವಿಲ್ಲ, ಷಡ್ಡಕ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಕಡಲೆಕಾಯಿ ಬೀಜ ಬಾಯಿಗೆ ಎಸೆದುಕೊಳ್ಳುತ್ತಿದ್ದ. "ಗೇರು ಯಾವಾಗ ಬದಲಾಗ್ತಿದೆ ಅಂತ ಗೊತ್ತಾಗುತ್ತಾ ನಿಮಗೆ?" ಎಂದು ಇವನು ಕೇಳಿದ್ದಕ್ಕೆ, "ಗೇರಾ? ಅದು ಅದರ ಪಾಡಿಗೆ ಆಗುತ್ತೆ ಭಾವ, ನಾನು ಯಾಕೆ ತಲೆ ಕೆಡಿಸ್ಕೊಳ್ಳಲಿ?" ಎಂದ. ಇವನು ಮೈಯೆಲ್ಲ ಕಿವಿಯಾಗಿ ಕೂತಿದ್ದ. ಬದಲಾಗುತ್ತಿತ್ತು, ರೆಪ್ಪೆ ಬಡಿಯುವಷ್ಟರಲ್ಲಿ. ಕಾಲು ಒತ್ತಿದ ತಕ್ಷಣ ಗಾಡಿ ಕರೆದವರ ಕಡೆ ತಿರುಗಿದ ಮಗುವಿನ ಹಾಗೆ ಮುಂದಕ್ಕೆ ಹೋಗುತ್ತಿತ್ತು. ಆಗಲೇ ಅವನಿಗೆ ಹೆಂಡತಿಯ ಕೈ ಕಂಡದ್ದು. ಮಡಿಲಲ್ಲಿ, ಅಂಗೈ ಮೇಲಾಗಿ, ಬೆರಳು ಸಡಿಲಬಿಟ್ಟು ಮಲಗಿತ್ತು. ಇವನ ಕಾರಿನಲ್ಲಿ ಆ ಕೈ ಕಿಟಕಿಯ ಮೇಲಿನ ಹಿಡಿಯನ್ನು ಹಿಡಿದೇ ಇರುತ್ತದೆ, ಇಪ್ಪತ್ತು ವರ್ಷದಿಂದ. ಕೆಲವರಿಗೆ ಕಾಲು ಅಲ್ಲಾಡಿಸುವ ಅಭ್ಯಾಸವಿರುವ ಹಾಗೆ ಇದೂ ಅವಳ ಅಭ್ಯಾಸ ಎಂದುಕೊಂಡಿದ್ದ. ಸ್ವಲ್ಪ ಹೊತ್ತಿಗೆ ಅವಳ ತಲೆ ಒಂದು ಪಕ್ಕಕ್ಕೆ ವಾಲಿತು. ನಿದ್ದೆ ಹೋಗಿದ್ದಳು. ತನ್ನ ಕಾರಿನಲ್ಲಿ ಅವಳು ಒಂದು ದಿನವೂ ಕಣ್ಣು ಮುಚ್ಚಿದವಳಲ್ಲ. ನಾದಿನಿ ಏನೋ ಹೇಳುತ್ತಿದ್ದಳು, ಇವನು ಹೂಂ ಹೂಂ ಅನ್ನುತ್ತ ಆ ಅಂಗೈಯನ್ನೇ ನೋಡುತ್ತಿದ್ದ.

ಮನೆಗೆ ಬಂದು ಬಟ್ಟೆ ಮಡಿಸುತ್ತಿದ್ದವಳನ್ನು ಕೇಳಿಯೇಬಿಟ್ಟ. "ನನ್ನ ಕಾರಲ್ಲಿ ನೀನು ಯಾಕೆ ಆ ಹಿಡಿ ಹಿಡ್ಕೊಂಡೇ ಇರ್ತೀಯ?" ಅವಳು ನಿಜವಾಗಿ ಆಶ್ಚರ್ಯಪಟ್ಟಳು. "ಹಿಡ್ಕೊಂಡಿರ್ತೀನಾ? ನನಗೇ ಗೊತ್ತಿಲ್ಲ." ಗೊತ್ತಿದ್ದು ಹಿಡಿದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವಳು ದಿಂಬಿನ ಚೀಲವೊಂದನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿ ಹೇಳಿದಳು: "ನೀವು ಗೇರ್ ಹಾಕೋವಾಗ ಗಾಡಿ ಒಂದು ಕ್ಷಣ ಯಾರದ್ದೂ ಅಲ್ಲದ ಹಾಗೆ ಆಗುತ್ತಲ್ಲ, ಅದಕ್ಕಿರಬೇಕು. ಈಗ ಹಿಡಿಯುತ್ತೆ, ಈಗ ಹಿಡಿಯುತ್ತೆ ಅಂತ ಕಾಯ್ಬೇಕು. ಅವರ ಕಾರಲ್ಲಿ ಅದಿಲ್ಲ ನೋಡಿ. ಖುಷಿಯಾಗುತ್ತೆ." ಖುಷಿ ಎಂಬ ಮಾತನ್ನು ಅವಳು ಕಾರಿಗೆ ಸೇರಿಸಿ ಹೇಳಿದ್ದನ್ನು ಅವನು ಅದುವರೆಗೆ ಎಂದೂ ಕೇಳಿರಲಿಲ್ಲ. ಮಾರನೆಯ ದಿನ ಅವಳು ಪ್ರಯೋಗಶಾಲೆಯ ಗಾಜಿನ ಸಾಮಾನುಗಳನ್ನು ನೋಡಿಕೊಳ್ಳುವ ಶಾಲೆಗೆ ಅವಳನ್ನು ಬಿಡಲು ಹೋಗುವಾಗ, ಬೇಕೆಂದೇ ಬೇಗ ಬೇಗ ಗೇರು ಹಾಕಿ ನೋಡಿದ. ಎರಡನೆಯ ಗೇರು ಕರಕರ ಎಂದು ಕೂಗಿತು. ಅವಳ ಕೈ ಪಟ್ಟನೆ ಮೇಲೆ ಹೋಯಿತು. ತನ್ನ ಜನ್ಮದಲ್ಲಿ ಗೇರು ಕಿರುಚಿಸಿದವನಲ್ಲ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು, ನಗು ತಡೆದುಕೊಂಡ ಹಾಗೆ ಅವನಿಗೆ ಕಂಡಿತು.

ಆ ಮೇಲೆ ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಅಂಟಿಕೊಂಡು ಬರತೊಡಗಿದವು. ಮೂರು ತಿಂಗಳಿಂದ ಅವಳು ಶಾಲೆ ಬಿಟ್ಟ ಮೇಲೆ ನೇರ ಮನೆಗೆ ಬರುತ್ತಿರಲಿಲ್ಲ; "ತಂಗಿ ಮನೆಗೆ ಹೋಗಿದ್ದೆ" ಅನ್ನುತ್ತಿದ್ದಳು. ಬರುವಾಗ ಕೆನ್ನೆ ಕೆಂಪಾಗಿರುತ್ತಿತ್ತು, ಪಾತ್ರೆ ತೊಳೆಯುತ್ತ ಯಾವುದೋ ರಾಗ ಗುನುಗುತ್ತಿದ್ದಳು. ಎಂದೂ ಹಿಮ್ಮಡಿ ಎತ್ತರವಿಲ್ಲದ ಚಪ್ಪಲಿ ಹಾಕದವಳು ತಳ ಚಪ್ಪಟೆಯಾದ ಹೊಸ ಬೂಟು ಕೊಂಡಿದ್ದಳು. ಷಡ್ಡಕನ ಅಂಗಡಿ ಐದಕ್ಕೇ ಮುಚ್ಚುತ್ತದೆ. ಇಂಥ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಮೇಲೇ ಅಸಹ್ಯವಾಯಿತು, ನಾದಿನಿ ಮನೆಯಲ್ಲೇ ಇರುತ್ತಾಳಲ್ಲ ಎಂದು ಸಮಾಧಾನ ಹೇಳಿಕೊಂಡ, ಆದರೂ ಯೋಚನೆ ಕಾಲಿಗೆ ಮೆತ್ತಿದ ಎಣ್ಣೆಯಂತೆ ಎಲ್ಲಿಗೆ ಹೋದರೂ ಹಿಂದೆ ಬಂತು. ಷಡ್ಡಕನ ಮೇಲೆ ಹೊಟ್ಟೆಯುರಿಯೇ ಎಂದು ಕೇಳಿಕೊಂಡರೆ ಹೌದು ಅನ್ನಲೂ ಆಗುತ್ತಿರಲಿಲ್ಲ. ಆ ಮನುಷ್ಯನಿಗೆ ಗೇರು ಅಂದರೆ ಏನೆಂದೇ ಗೊತ್ತಿಲ್ಲ, ಅವನ ಮೇಲೆ ಏನು ಹೊಟ್ಟೆಯುರಿ! ಉರಿ ಇದ್ದದ್ದು ಕಾರಿನ ಹೊಟ್ಟೆಯೊಳಗಿನ ಆ ಡಬ್ಬಿಯ ಮೇಲೆ. ಐವತ್ತೆರಡು ವಯಸ್ಸಿನ ಗಂಡಸು, ಒಂದು ಗೇರ್‌ಬಾಕ್ಸಿನ ಮೇಲೆ ಕರುಬುತ್ತಿದ್ದೇನೆ ಎಂದು ಯಾರಿಗಾದರೂ ಹೇಳಿಕೊಳ್ಳುವುದು ಹೇಗೆ.

ಹನ್ನೊಂದು ಗಂಟೆಗೆ ಕಂಪ್ಯೂಟರ್ ಮೇಡಂ ಬಂದು ಷಡ್ಡಕನ ಕಾರಿನ ಸ್ಟಿಯರಿಂಗಿನ ಕೆಳಗೆ ವೈರು ಸಿಕ್ಕಿಸಿದಳು. ಅವಳು ಗ್ಯಾರೇಜಿಗೆ ಬಂದು ಎರಡು ವರ್ಷ, ಎರಡು ಮಕ್ಕಳ ತಾಯಿ, ಲ್ಯಾಪ್‌ಟಾಪಿನ ಮೇಲೆ ಒಂದು ಹನಿ ಎಣ್ಣೆ ಬಿದ್ದರೂ ಸೀರೆಗೆ ಬಿದ್ದಷ್ಟು ಕೂಗಾಡುವವಳು. ಒಂದು ಸಲ ಆಟಕ್ಕೆಂದು ಇವನ ಪಕ್ಕ ಕೂತು ಇವನು ಗೇರು ಬದಲಿಸುವುದಕ್ಕೆ ಎಷ್ಟು ಹೊತ್ತಾಗುತ್ತದೆಂದು ಅಳೆದಿದ್ದಳು. "ಸಾರ್, ನೀವು ಒಂದು ಗೇರ್ ಹಾಕೋದ್ರಲ್ಲಿ ಈಗಿನ ಗಾಡಿಗಳು ಆರು ಸಲ ಹಾಕಿ, ಕೈ ತೊಳ್ಕೊಂಡು ಕೂತಿರ್ತವೆ" ಎಂದಿದ್ದಳು, ಎಲ್ಲರೂ ನಕ್ಕಿದ್ದರು, ಇವನೂ ನಕ್ಕಿದ್ದ. ಆ ನಗು ಇವತ್ತಿಗೂ ಹಲ್ಲಿನ ಸಂದಿಯಲ್ಲಿ ಇತ್ತು. ತೆರೆಯ ಮೇಲೆ ಅಂಕಿಗಳ ಸಾಲು. ಅವನು ಬಗ್ಗಿ ನೋಡಿದ.

"ಈ ಗೇರು ಬದಲಾಗೋದನ್ನ ನಿಧಾನ ಮಾಡಕ್ಕೆ ಬರುತ್ತಾ?"

"ಬರುತ್ತೆ. ಆದ್ರೆ ಯಾರಿಗೆ ಬೇಕು ಸಾರ್? ಎಲ್ಲರೂ ಇನ್ನೂ ಜೋರು ಮಾಡಿ ಅಂತಾರೆ."

"ಗಿರಾಕಿ ಕೇಳಿದಾರೆ. ನನ್ನ ಷಡ್ಡಕನೇ. ಮೆತ್ತಗೆ ಬೇಕಂತೆ."

"ಎಷ್ಟಕ್ಕೆ ಇಡ್ಬೇಕು?"

"ಕೊನೇವರೆಗೂ ಇಡು."

ಅವಳು ತಲೆಯೆತ್ತಿ ನೋಡಿದಳು. "ಕೊನೇವರೆಗಾ? ಬೇಡ ಸಾರ್. ಒತ್ತಿದಾಗ ಎಳೆಯೋದೇ ಇಲ್ಲ, ಯೋಚನೆ ಮಾಡ್ತಾ ನಿಲ್ಲುತ್ತೆ. ದೊಡ್ಡ ರಸ್ತೆಯಲ್ಲಿ ಕಷ್ಟ."

"ನಾನು ಓಡಿಸಿ ನೋಡೇ ಸಹಿ ಹಾಕೋದು ತಾನೆ?"

"ಅದೂ ಸರಿ. ನೀವು ಹೇಳಿದ ಮೇಲೆ ಮುಗೀತು" ಎಂದು ಅವಳು ಬೆರಳಾಡಿಸಿದಳು. ಅಷ್ಟೇ. ಸುತ್ತಿಗೆ ಇಲ್ಲ, ಸ್ಪ್ಯಾನರ್ ಇಲ್ಲ, ಕೈಗೆ ಮಸಿಯೂ ಹತ್ತಲಿಲ್ಲ.

ಲೋಟ ತುಂಬಿಸಿಕೊಂಡು ಗೋದಾಮುಗಳ ಹಿಂದಿನ ರಸ್ತೆಗೆ ಹೋದ. ಮೊದಲನೆಯ ಗೇರು ಮುಗಿಯಿತು, ಗಾಡಿ ನಿಂತು ಯೋಚಿಸಿತು, ಎರಡನೆಯದು ಹಿಡಿಯಿತು. ಒಂದು ಹನಿ ಚೆಲ್ಲಲಿಲ್ಲ. ಆ ನಡುವಿನ ಬಿಡುವು ಎಷ್ಟು ಪರಿಚಿತವಾಗಿತ್ತೆಂದರೆ ಕಣ್ಣು ಮುಚ್ಚಿದ್ದರೆ ತನ್ನ ಕಾರೇ ಎಂದುಕೊಳ್ಳಬೇಕು. ಅವಳು ಬರಲಿ, ಇದರಲ್ಲಿ ಕೂತು ನಿದ್ದೆ ಮಾಡಲಿ ನೋಡೋಣ, ಎಂದುಕೊಂಡ. ಹಾಗೆ ಅಂದುಕೊಂಡ ದನಿ ತನ್ನದಲ್ಲ, ಯಾವುದೋ ಜಗಳಗಂಟಿ ಮುದುಕಿಯದು ಎನ್ನಿಸಿತು. ಹಿಂದೆ ಬರುತ್ತಿದ್ದ ಸೈಕಲ್ಲಿನವನು ಇವನ ಕಾರು ಹಾಗೆ ತಡೆದದ್ದಕ್ಕೆ ಬ್ರೇಕು ಹಾಕಿ, ಬೈದು, ದಾಟಿ ಹೋದ. ಹನ್ನೊಂದು ವರ್ಷದ ಹಿಂದೆ ಅವಳಿಗೆ ಕಾರು ಕಲಿಸಲು ಹೋಗಿದ್ದು ನೆನಪಾಯಿತು. ಖಾಲಿ ಮೈದಾನ, ಅವಳ ಕೈಗೆ ಗೇರಿನ ಕೋಲು, ಪಕ್ಕದಲ್ಲಿ ಇವನ "ಮೆತ್ತಗೆ". ಅವಳು ಒಂದು ಸಲ ಕ್ಲಚ್ಚು ಪೂರ್ತಿ ಒತ್ತದೆ ಗೇರು ಹಾಕಿದಳು, ಹಲ್ಲು ಹಲ್ಲಿಗೆ ತಾಗಿ ಕಿರುಚಿತು. ಇವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಮಾತಾಡದೆ ಇಳಿದು, ಬಾನೆಟ್ ಎತ್ತಿ, ಗಾಯವಾದ ಮಗುವನ್ನು ನೋಡುವ ಹಾಗೆ ಒಳಗೆ ಬಗ್ಗಿ ನೋಡುತ್ತ ನಿಂತಿದ್ದ. ತಲೆಯೆತ್ತಿದಾಗ ಅವಳು ಪಕ್ಕದ ಸೀಟಿಗೆ ಸರಿದು ಕೂತಿದ್ದಳು. ಮತ್ತೆ ಯಾವತ್ತೂ ಸ್ಟಿಯರಿಂಗಿನ ಕಡೆ ಬರಲಿಲ್ಲ. ಈಗ ಅವನು ಶೆಡ್ಡಿಗೆ ವಾಪಸು ಬಂದು ಚೀಟಿಯಲ್ಲಿ "ಸರಿ ಇದೆ" ಎಂದು ಬರೆದ. ಸಹಿ ಎಂದಿಗಿಂತ ದುಂಡಾಗಿ ಬಂತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮೂವರೂ ಬಾಡಿಗೆ ಗಾಡಿಯಲ್ಲಿ ಬಂದಿಳಿದರು. ಹೆಂಡತಿ ಆ ಚಪ್ಪಟೆ ಬೂಟು ಹಾಕಿದ್ದಳು. ಏನೋ ನಡೆಯುತ್ತಿದೆ, ಮೂವರಿಗೂ ಗೊತ್ತು, ತನಗೆ ಗೊತ್ತಿಲ್ಲ ಎಂಬುದು ಅವರ ಮುಖ ನೋಡಿದ ತಕ್ಷಣ ತಿಳಿದು ಅವನ ಕಿವಿ ಬಿಸಿಯಾಯಿತು. ಷಡ್ಡಕ ಅವನ ಕೈಯಿಂದ ಕೀ ಇಸಿದುಕೊಂಡು, ನಾಟಕದವರ ಹಾಗೆ ಬಗ್ಗಿ, "ಅತ್ತಿಗೆ, ತಗೊಳ್ಳಿ" ಎಂದು ಅವಳಿಗೆ ಕೊಟ್ಟ. ಅವಳು ಚೀಲದಿಂದ ಒಂದು ಕಾರ್ಡು ತೆಗೆದು ಇವನ ಮುಖಕ್ಕೆ ಹಿಡಿದಳು. ಡ್ರೈವಿಂಗ್ ಲೈಸೆನ್ಸ್. ಫೋಟೋದಲ್ಲೂ ನಗು ತಡೆದುಕೊಂಡಿದ್ದಳು. "ಗುರುವಾರ ಬಂತು" ಎಂದಳು. "ಮೂರು ತಿಂಗಳಿಂದ ದಿನಾ ಸಾಯಂಕಾಲ ಕಲೀತಿದ್ದಾಳೆ ಭಾವ. ನಾನು ಪಕ್ಕದಲ್ಲಿ, ಇವರು ಹಿಂದೆ. ನಿಮಗೆ ಹೇಳಿದ್ರೆ ಸಾಯಿಸ್ಬಿಡ್ತೀನಿ ಅಂದಿದ್ಳು ಅಕ್ಕ" ಎಂದು ನಾದಿನಿ ಒಂದೇ ಉಸಿರಿನಲ್ಲಿ ಹೇಳಿದಳು. ಕಂಪ್ಯೂಟರ್ ಮೇಡಂ ಚಪ್ಪಾಳೆ ತಟ್ಟಿದಳು. ಜೊತೆಯ ಮೆಕ್ಯಾನಿಕ್ಕುಗಳು ಕೈ ಒರೆಸಿಕೊಳ್ಳುತ್ತ ಸುತ್ತ ನಿಂತರು. ಅವನು ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದ. ಕೆಂಪಾದ ಕೆನ್ನೆ, ಗುನುಗು, ಬೂಟು, ಎಲ್ಲವೂ ಈಗ ಬೇರೆ ಬೆಳಕಿನಲ್ಲಿ ಸಾಲಾಗಿ ಬಂದು ಅವನ ಮುಂದೆ ನಿಂತವು, ಒಂದೊಂದೂ ಅವನ ಕೆನ್ನೆಗೆ ಬಾರಿಸಿ ಹೋಯಿತು.

"ಇವತ್ತು ಬೇಡ" ಎಂದ. "ಈಗ ತಾನೆ ಸರ್ವೀಸ್ ಆಗಿದೆ. ನಾನು ಓಡಿಸ್ತೀನಿ."

ಅವಳ ಮುಖ ಸಣ್ಣದಾಯಿತು. "ನೀವು ಸರಿ ಇದೆ ಅಂತ ಬರ್ದಿದ್ದೀರಲ್ಲ. ನನ್ನ ಕೈಗೆ ಕೊಡಕ್ಕೆ ಮಾತ್ರ ಸರಿ ಇಲ್ವಾ?"

ಎಲ್ಲರೂ ಅವನನ್ನು ನೋಡುತ್ತಿದ್ದರು. ಮೇಡಂ ಕೂಡ. ಈಗ ಬಾಯಿ ಬಿಟ್ಟರೆ ಷಡ್ಡಕ, ನಾನೆಲ್ಲಿ ಹೇಳಿದ್ದೆ ಭಾವ, ಅನ್ನುತ್ತಾನೆ. ಆಮೇಲೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಅವನು ಯೋಚಿಸುತ್ತಿರುವಾಗಲೇ ಅವಳು ಒಳಗೆ ಕೂತು, ಸೀಟು ಮುಂದಕ್ಕೆಳೆದು, ಕನ್ನಡಿ ಸರಿಮಾಡಿಕೊಂಡಳು. ಆ ಮೂರು ಕೆಲಸವನ್ನು ಅವಳು ಮಾಡಿದ ರೀತಿ ಎಷ್ಟು ಸಲೀಸಾಗಿತ್ತೆಂದರೆ ಅದನ್ನು ತಾನು ಕಲಿಸಲಿಲ್ಲ ಎಂಬುದು ಅವನಿಗೆ ಆ ಭಯದ ನಡುವೆಯೂ ಚುಚ್ಚಿತು. "ಪಕ್ಕದಲ್ಲಿ ಕೂತ್ಕೊಳ್ಳಿ ರೀ. ಒಂದು ಮಾತೂ ಆಡ್ಬಾರ್ದು" ಎಂದಳು. ಅವನು ಕೂತ.

ಓಣಿಗಳಲ್ಲಿ ಏನೂ ಆಗಲಿಲ್ಲ. ನಿಧಾನದ ಕಾರಿಗೆ ನಿಧಾನದ ರಸ್ತೆ. ಆದರೂ ಅವಳು ಎರಡು ಸಲ ತನ್ನ ಕಾಲಿನ ಕಡೆ ನೋಡಿಕೊಂಡಳು. "ಏನೋ ಒಂಥರಾ ಇದೆ ಇವತ್ತು" ಎಂದಳು. "ಭಾವ ಕೈ ಇಟ್ಟ ಮೇಲೆ ಮೆತ್ತಗಾಗದೆ ಇರುತ್ತಾ ಅತ್ತಿಗೆ" ಎಂದ ಷಡ್ಡಕ ಹಿಂದಿನಿಂದ. ಓಣಿ ಮುಗಿದು ದೊಡ್ಡ ರಸ್ತೆ ಸೇರುವಲ್ಲಿ ನಿಲ್ಲಿಸಿದಳು. ಎರಡೂ ಕಡೆ ನೋಡಿದಳು. ದೂರದಲ್ಲಿ ಒಂದು ಬಸ್ಸು. ಬೇಕಾದಷ್ಟು ಜಾಗವಿತ್ತು, ನಿನ್ನೆಯವರೆಗಿನ ಕಾರಿಗೆ, ಮೂರು ತಿಂಗಳು ಅವಳ ಕಾಲು ನಂಬಿಕೊಂಡಿದ್ದ ಕಾರಿಗೆ, ಬೇಕಾದಷ್ಟು. ಲೆಕ್ಕ ಸರಿಯಾಗಿಯೇ ಹಾಕಿದಳು, ಅವನು ಪಕ್ಕದಲ್ಲಿ ಕೂತು ಅದೇ ಲೆಕ್ಕ ಹಾಕಿದ್ದ. "ನಿಲ್ಲು" ಅನ್ನಬೇಕು ಅಂದುಕೊಂಡ, ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಒತ್ತಿದಳು. ಕಾರು ರಸ್ತೆಯ ಮಧ್ಯಕ್ಕೆ ಬಂದು, ಮೊದಲನೆಯ ಗೇರು ಬಿಟ್ಟು, ಎರಡನೆಯದನ್ನು ಹಿಡಿಯದೆ, ಯಾರದ್ದೂ ಅಲ್ಲದೆ ತೇಲಿತು. ಅವಳು ಇನ್ನೂ ಒತ್ತಿದಳು. ಬಸ್ಸಿನ ಹಾರ್ನ್ ಕಿವಿಯೊಳಗೇ ಹೊಡೆಯಿತು. ನಾದಿನಿ ಕಿರುಚಿದಳು. ಹೆಂಡತಿ ಹೆದರಿ ಬ್ರೇಕು ತುಳಿದಳು, ಬಸ್ಸು ಒಂದು ಗೇಣು ಅಂತರದಲ್ಲಿ ರಸ್ತೆಯ ಅಂಚಿಗೆ ತಿರುಗಿ ಧೂಳೆಬ್ಬಿಸಿ ನಿಂತಿತು. ಅದರ ಚಾಲಕ ಅರ್ಧ ಮೈ ಹೊರಗೆ ಹಾಕಿ, "ಓಡಿಸಕ್ಕೆ ಬರದಿದ್ರೆ ಮನೇಲಿ ಬಿದ್ದಿರಮ್ಮ! ಪಕ್ಕದಲ್ಲಿ ಕೂತಿರೋ ಯಜಮಾನರಿಗಾದ್ರೂ ಬುದ್ಧಿ ಬೇಡ್ವಾ?" ಎಂದು ಕೂಗಿ ಹೊರಟುಹೋದ.

ಹೇಗೋ ಪಕ್ಕಕ್ಕೆ ತಂದು ನಿಲ್ಲಿಸಿದಳು. "ಒತ್ತಿದೆ ರೀ" ಎಂದಳು. "ನಾನು ಒತ್ತಿದೆ." ಕಾಲಿನ ಕಡೆ ಬಗ್ಗಿ ನೋಡಿ, "ಒತ್ಲಿಲ್ವೇನೋ" ಎಂದಳು. ನಾದಿನಿ ಹಿಂದಿನಿಂದ ಅವಳ ಹೆಗಲು ಸವರುತ್ತ, "ನಿನ್ನೆವರೆಗೂ ಎಷ್ಟು ಚೆನ್ನಾಗಿ ಓಡಿಸ್ತಿದ್ದೆಯಲ್ಲೇ ಅಕ್ಕ" ಎಂದಳು. "ಇವರು ಪಕ್ಕದಲ್ಲಿ ಕೂತಿದ್ದಕ್ಕೆ ಗಾಬರಿ ಆಗಿರ್ಬೇಕು. ಎಲ್ಲರಿಗೂ ಬರಲ್ಲ ಬಿಡು" ಎಂದು ಹೆಂಡತಿ ಕೀ ತೆಗೆದು ಇವನ ಅಂಗೈಯಲ್ಲಿಟ್ಟಳು. ಇಬ್ಬರೂ ಜಾಗ ಬದಲಿಸಿದರು. ಅವನು ಸ್ಟಿಯರಿಂಗಿನ ಹಿಂದೆ ಕೂತಾಗ, ಇನ್ನೂ ಹೊಡೆದುಕೊಳ್ಳುತ್ತಿದ್ದ ಎದೆಯ ಅಡಿಯಲ್ಲೆಲ್ಲೋ ಒಂದು ಸಣ್ಣ ನೆಮ್ಮದಿ, ಚಳಿಯಲ್ಲಿ ಕಂಬಳಿ ಹೊದ್ದ ಹಾಗೆ, ಮೈಯೊಳಗೆ ಹರಡಿತು. ತಾನು ಎಂಥವನು ಎಂದು ಅವನಿಗೆ ಆಗ ಗೊತ್ತಾಯಿತು. ಮನೆಯ ಮುಂದೆ ಇಳಿಯುವಾಗ ಷಡ್ಡಕನಿಗೆ, "ಸೋಮವಾರದವರೆಗೆ ಗಾಡಿ ಹೊರಗೆ ತೆಗೀಬೇಡಿ, ಒಂದ್ಸಲ ನೋಡ್ಬೇಕು" ಎಂದ. "ಯಾಕೆ ಭಾವ, ಏನಾಗಿದೆ?" ಎಂದರೆ, "ಏನಿಲ್ಲ, ಹಾಗೇ" ಎಂದ.

ಅವಳು ನೇರ ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಏನೂ ಇಡದೆ, ಕಿಟಕಿಯ ಹತ್ತಿರ ನಿಂತಳು. ಹೊರಗೆ ಇನ್ನೂ ಬೆಳಕಿತ್ತು. ಪಕ್ಕದ ಮನೆಯವರು ಗಿಡಕ್ಕೆ ನೀರು ಬಿಡುತ್ತಿದ್ದರು. ಅವನು ಬಾಗಿಲಲ್ಲಿ ನಿಂತು, ಹೋಗಿ ಕೈಕಾಲು ತೊಳೆದು, ಮತ್ತೆ ಬಂದು ನಿಂತ.

"ತಪ್ಪು ನಿಂದಲ್ಲ" ಎಂದ.

ಅವಳು ತಿರುಗಲಿಲ್ಲ.

"ಕಾರು ಸರಿ ಇರ್ಲಿಲ್ಲ. ಗೇರು ನಿಧಾನ ಆಗಿತ್ತು. ನಾನೇ ಹಾಗೆ ಮಾಡಿಸಿದ್ದೆ, ಬೇಕು ಅಂತ."

ಈಗ ತಿರುಗಿದಳು. ಅವಳ ಕಣ್ಣು ಅವನ ಮುಖದ ಮೇಲೆಲ್ಲ ಓಡಾಡಿತು, ಅವನು ಬೈಗುಳಕ್ಕೆ ಮೈ ಒಡ್ಡಿ ನಿಂತ. ಅವಳ ಕಣ್ಣು ತುಂಬಿ ಬಂತು.

"ಸಾಕು ರೀ" ಎಂದಳು. "ನೀವು ಸಹಿ ಹಾಕಿದ ಗಾಡಿ ಯಾವತ್ತಾದ್ರೂ ಕೆಟ್ಟಿದ್ಯಾ? ನನಗೆ ಬೇಜಾರಾಗ್ಬಾರ್ದು ಅಂತ ನಿಮ್ಮ ಕೆಲಸದ ಮೇಲೇ ಸುಳ್ಳು ಹೇಳ್ಕೊಳ್ತಿದ್ದೀರಲ್ಲ."

"ಸುಳ್ಳಲ್ಲ, ನಾನು..."

"ನೀವು ನನಗೋಸ್ಕರ ಇಷ್ಟು ಮಾಡ್ತೀರಿ ಅಂತ ಗೊತ್ತಿರ್ಲಿಲ್ಲ" ಎಂದು ಅವಳು ಬಂದು ಅವನ ಹೆಗಲಿಗೆ ಹಣೆಯಿಟ್ಟಳು. ಎಷ್ಟೋ ವರ್ಷದಿಂದ ಹಾಗೆ ಇಟ್ಟವಳಲ್ಲ. "ನಿಮ್ಮಿಂದ ಮುಚ್ಚಿಟ್ಟು ಕಲಿಯೋಕೆ ಹೋದೆನಲ್ಲ, ಅದಕ್ಕೇ ಹೀಗಾಯ್ತು. ನಿಮ್ಮ ಪಕ್ಕ ಕೂತ್ಕೊಂಡು ಓಡಾಡೋದೇ ಸಾಕು ನನಗೆ." ಮೇಡಂ ಇದ್ದಾಳೆ, ಚೀಟಿ ಇದೆ, ತೆರೆಯ ಮೇಲೆ ಅಂಕಿ ಇದೆ, ಬಾ ತೋರಿಸುತ್ತೇನೆ ಎಂದು ಹೇಳುವುದಕ್ಕೆ ಅವನ ಹತ್ತಿರ ಎಲ್ಲವೂ ಇತ್ತು. ಅವಳ ತಲೆ ಬೆಚ್ಚಗಿತ್ತು. ಅವನು ಅದರ ಮೇಲೆ ಕೈಯಿಟ್ಟ.

ಸ್ವಲ್ಪ ಹೊತ್ತಿನ ಮೇಲೆ ಅವಳು ಮೂಗೊರೆಸಿಕೊಂಡು, ಚೀಲದಿಂದ ಲೈಸೆನ್ಸ್ ತೆಗೆದು, ಫೋಟೋ ಕೆಳಗಾಗುವ ಹಾಗೆ ತಿರುಗಿಸಿ ಅವನ ಕಡೆ ಚಾಚಿದಳು. "ಇದನ್ನ ನೀವೇ ಎಲ್ಲಾದ್ರೂ ಇಟ್ಬಿಡಿ. ನನ್ನ ಕಣ್ಣಿಗೆ ಬೀಳ್ಬಾರ್ದು." ಅವನು ತೆಗೆದುಕೊಂಡ. ಕೋಣೆಗೆ ಹೋಗಿ ತನ್ನ ಬೀರು ತೆಗೆದು, ಎಲ್ಲಕ್ಕಿಂತ ಕೆಳಗಿನ ಬಟ್ಟೆಯ ಅಡಿಯಲ್ಲಿ ಅದನ್ನಿಟ್ಟು, ಬೀಗ ಹಾಕಿ, ಬಿದ್ದಿದೆಯೋ ಇಲ್ಲವೋ ಎಂದು ಒಂದು ಸಲ ಎಳೆದು ನೋಡಿದ.